ಡೇಟಾ ಬಂತು, ಪರ್ಮಿಷನ್ ಬರಲಿಲ್ಲ
ರಾತ್ರಿಯಿಡೀ ಬ್ಯಾಕಪ್ ಟೇಪಿನಿಂದ ಸರ್ವರ್ ರಿಸ್ಟೋರ್. ಬೆಳಗ್ಗೆ ನೋಡಿದರೆ ಲೈಬ್ರರಿಗಳೆಲ್ಲ (ಫೈಲು ಇಡೋ ಫೋಲ್ಡರ್ ಥರ) ಇವೆ, ಅಕೌಂಟ್ಸ್‌ನವರಿಗೆ ಮಾತ್ರ ಅವರದೇ ಫೈಲ್ ತೆರೀತಿಲ್ಲ. ನಮ್ಮ ಸರ್ವರಿನ ಆಪರೇಟಿಂಗ್ ಸಿಸ್ಟಮ್ ಐಬಿಎಂ ಐ (ನಮ್ಮ ಬಾಯಲ್ಲಿ ಇನ್ನೂ ಎಎಸ್/400, 1988ರ ಹೆಸರು) ಹಾಗೇ: ಯಾರಿಗೆ ಯಾವ ಫೈಲು ಅನ್ನೋ ಖಾಸಗಿ ಹಕ್ಕು ಮಾಮೂಲಾಗಿ ಫೈಲಿನ ಜೊತೆ ಅಲ್ಲ, ಯೂಸರ್ ಪ್ರೊಫೈಲ್ ಜೊತೆ ಸೇವ್ ಆಗತ್ತೆ. ರಿಸ್ಟೋರ್ ಮಾಡುವಾಗ ಮೊದಲು ಪ್ರೊಫೈಲ್, ಆಮೇಲೆ ಲೈಬ್ರರಿ, ಎಲ್ಲ ಮುಗಿದ ಮೇಲೆ ಆ ಹಕ್ಕುಗಳನ್ನ ವಾಪಸ್ ಕೂರಿಸೋ ಆರ್‌ಎಸ್‌ಟಿಎಯುಟಿ ಕಮಾಂಡ್. ಬಾಕಿ ಇದ್ದದ್ದು ಅದೇ.

"ಸದ್ಯಕ್ಕೆ ಎಲ್ಲರಿಗೂ ಎಲ್ಲಾ ಆಕ್ಸೆಸ್ ಕೊಟ್ಬಿಡೋಣ ಸಾರ್" ಅಂದ ಹೊಸ ಹುಡುಗ. ಬೇಡಪ್ಪ ಅಂದೆ. ಸದ್ಯಕ್ಕೆ ಅಂತ ಕೊಟ್ಟ ಅಧಿಕಾರ ವಾಪಸ್ ಬಂದದ್ದನ್ನ ನಾನಂತೂ ಕಂಡಿಲ್ಲ, ಆಫೀಸಲ್ಲೂ, ಹೊರಗೂ.

ಕಮಾಂಡ್ ಓಡ್ತಿದೆ. ಅಕೌಂಟ್ಸ್‌ನಿಂದ ಮತ್ತೆ ಫೋನು.