ಅಜ್ಜ ನೀರು ಕೇಳಿದ್ರೆ ಗಾಬರಿ

ಇವತ್ತು ಎಳ್ಳಮಾವಾಸ್ಯೆ. ತೀರ್ಥಹಳ್ಳಿಯಲ್ಲಿ ತುಂಗೆಗೆ ಇಳಿದು ಮೂರು ಮುಳುಗು ಹಾಕೋದನ್ನ ಅಜ್ಜ ಒಂದು ವರ್ಷವೂ ತಪ್ಪಿಸಿದವರಲ್ಲ. ದೇವರ ಮೇಲೆ ಅಷ್ಟು ನಂಬಿಕೆ. ಆದ್ರೆ ನೀರು ತಣ್ಣಗಿದೆ ಅಂತ ಪ್ರತಿ ಸಲ ಬೈಗುಳವೂ ದೇವರಿಗೇ.

ಪೋಸ್ಟ್‌ಮ್ಯಾನ್ ಆಗಿದ್ದರು. ಆಗುಂಬೆ ಕಡೆಯ ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು, ಕಾಲಿಗೆ ಹತ್ತಿದ ಜಿಗಣೆ ಕಿತ್ತೆಸೆಯುತ್ತಾ, ಚೀಲ ಮಾತ್ರ ನೆನೆಯದ ಹಾಗೆ ಎದೆಗೆ ಅವಚಿಕೊಂಡು ನಡೆದವರು. ಟೆಲಿಗ್ರಾಂ ಅಂದ್ರೆ ಆಗ ಸಾವಿನ ಸುದ್ದಿ ಅಂತಲೇ ಲೆಕ್ಕ ಅಲ್ವಾ, ಅದಕ್ಕೆ ಒಳ್ಳೆ ಸುದ್ದಿ ಇದ್ದರೆ ಗದ್ದೆ ಅಂಚಿನಿಂದಲೇ "ಅಳ್ಬೇಡ್ರೋ, ಹುಡುಗ ಪಾಸು!" ಅಂತ ಕೂಗಿಬಿಡುತ್ತಿದ್ದರು. ಕೆಟ್ಟದ್ದಾದ್ರೆ ಕೂಗುತ್ತಿರಲಿಲ್ಲ. ಜಗಲಿ ಮೇಲೆ ಕೂತು ಮೊದಲು ಒಂದು ಲೋಟ ನೀರು ಕೇಳುತ್ತಿದ್ದರು. ಕಡೆಗೆ ಸುಮ್ನೆ ಬಾಯಾರಿ ನೀರು ಕೇಳಿದ್ರೂ ಜನ ಗಾಬರಿ!

2013ರ ಜುಲೈನಲ್ಲಿ ಟೆಲಿಗ್ರಾಂ ಸೇವೆ ನಿಂತಾಗ ಅಜ್ಜನಿಗೆ 80 ದಾಟಿತ್ತು. ಪೇಪರ್ ಮಡಚಿಟ್ಟು, "ಇನ್ನು ನಾನು ಹೋದ್ರೆ ಊರಿಗೆಲ್ಲ ಹೇಗೆ ತಿಳಿಸ್ತೀರೋ?" ಅಂದಿದ್ದರು.

ವಾಟ್ಸಾಪಲ್ಲಿ ತಿಳಿಸಿದ್ವಿ ಅಜ್ಜ. ಅತ್ತೆ ಗಡಿಬಿಡಿಯಲ್ಲಿ ಆ ಸುದ್ದಿಗೆ ಲೈಕಿನ ಹೆಬ್ಬೆಟ್ಟು ಒತ್ತಿಬಿಟ್ಟರು. ನೀವಿದ್ದಿದ್ರೆ ವರ್ಷಗಟ್ಟಲೆ ಅದನ್ನೇ ಹೇಳಿ ಆಡಿಕೊಳ್ಳುತ್ತಿದ್ದಿರಿ.