ನಾಲ್ಕು ದಿಕ್ಕಿನ ಔಷಧಿ ತೋಟ: ಎರಡನೇ ವರ್ಷದ ಕೆಲಸ

ಟೊರಾಂಟೊ ನಗರದೊಳಗಿನ ಈ ತೋಟ 6 ಮೀಟರ್ ಅಗಲದ ಒಂದು ವೃತ್ತ. 60 ಸೆಂ.ಮೀ. ಅಗಲದ ಎರಡು ಕಾಲುದಾರಿಗಳು ಅದನ್ನು ನಾಲ್ಕು ಪಾತಿಗಳಾಗಿ ಸೀಳಿವೆ. ಪಾತಿಯೊಂದಕ್ಕೆ 5 ಚದರ ಮೀಟರ್‌ಗಿಂತ ತುಸು ಹೆಚ್ಚು ನೆಲ. ವಿನ್ಯಾಸ ಉತ್ತರ ಅಮೆರಿಕದ ಮೂಲನಿವಾಸಿಗಳಾದ ಅನಿಶಿನಾಬೆ ಜನರ ಔಷಧಿ ಚಕ್ರದ್ದು: ಪೂರ್ವಕ್ಕೆ ಹಳದಿ, ದಕ್ಷಿಣಕ್ಕೆ ಕೆಂಪು, ಪಶ್ಚಿಮಕ್ಕೆ ಕಪ್ಪು, ಉತ್ತರಕ್ಕೆ ಬಿಳಿ. ಈ ಜೋಡಣೆ ಸಮುದಾಯದಿಂದ ಸಮುದಾಯಕ್ಕೆ ಬದಲಾಗುತ್ತದೆ. ಆ ನೆಲದ ಹಿರಿಯರನ್ನು ಕೇಳದೆ ಗುದ್ದಲಿ ಹಾಕಲೇಬಾರದು.

ತೋಟ ಜೇನು, ಚಿಟ್ಟೆಗಳಿಗೂ ನೆರವಾಗಬೇಕು. ತೊಡಕು ಇರುವುದು ಗಿಡಗಳ ಆಯ್ಕೆಯಲ್ಲಿ. ಅನಿಶಿನಾಬೆ ಪರಂಪರೆಯ ನಾಲ್ಕು ಪವಿತ್ರ ಔಷಧಿಗಳು ತಂಬಾಕು, ಸೇಜ್ (ಆರ್ಟೆಮಿಸಿಯಾ ಕುಲದ ಗಿಡ), ಸೀಡರ್ ಮತ್ತು ಸ್ವೀಟ್‌ಗ್ರಾಸ್. ಇವುಗಳಲ್ಲಿ ತಂಬಾಕು ಬಿಟ್ಟರೆ ಉಳಿದ ಮೂರಕ್ಕೂ ಗಾಳಿಯಿಂದಲೇ ಪರಾಗಸ್ಪರ್ಶ. ಇವಷ್ಟನ್ನೇ ನೆಟ್ಟರೆ ಜೇನ್ನೊಣಕ್ಕೆ ಸಾಕಷ್ಟು ಮಕರಂದ ಸಿಗುವುದಿಲ್ಲ. ಆದ್ದರಿಂದ ಇವು ಚಕ್ರದ ನಡುವಿನಲ್ಲಿವೆ, ಬಣ್ಣ ತುಂಬುವ ಕೆಲಸ ಬೇರೆ ಔಷಧಿ ಗಿಡಗಳದ್ದು. ಸ್ವೀಟ್‌ಗ್ರಾಸ್ ನೆಲದಡಿಯ ಕಾಂಡಗಳಿಂದ ಹಬ್ಬಿ ಇಡೀ ಪಾತಿಯನ್ನೇ ನುಂಗುತ್ತದೆ. ಅದನ್ನು 30 ಸೆಂ.ಮೀ. ಆಳದ, ತಳವಿಲ್ಲದ ಮರದ ಚೌಕಟ್ಟಿನೊಳಗೆ ಕೂಡಿಹಾಕಲಾಗಿದೆ.

ಹಳದಿ ಪಾತಿಯಲ್ಲಿ ಮೇ ತಿಂಗಳಿಗೆ ಗೋಲ್ಡನ್ ಅಲೆಕ್ಸಾಂಡರ್, ಬೇಸಿಗೆಯ ಕೊನೆಗೆ ಗ್ರೇ ಗೋಲ್ಡನ್‌ರಾಡ್. ಕೆನಡಾ ಗೋಲ್ಡನ್‌ರಾಡ್ ಬೇಡ, ಅದು ಪಕ್ಕದವರನ್ನೆಲ್ಲ ಹೊರಗೆ ತಳ್ಳುತ್ತದೆ. ಬಿಳಿಗೆ ‘ಯಾರೋ’ (yarrow) ಎಂಬ ಗಿಡ ಮತ್ತು ಪರ್ಲಿ ಎವರ್‌ಲಾಸ್ಟಿಂಗ್. ಎರಡೂ ಒಣ ನೆಲವನ್ನು ತಾಳುತ್ತವೆ. ಕೆಂಪಿಗೆ ಕಾರ್ಡಿನಲ್ ಫ್ಲವರ್. ಜೇನ್ನೊಣದ ಕಣ್ಣಿಗೆ ಕೆಂಪು ಕಾಣದು, ಈ ಪಾತಿ ರೂಬಿ-ಥ್ರೋಟೆಡ್ ಹಮ್ಮಿಂಗ್‌ಬರ್ಡ್‌ಗೆ ಮೀಸಲು. ಗಿಡಕ್ಕೆ ಸದಾ ತೇವ ಬೇಕು, ಅದಕ್ಕಾಗಿ ಆ ಪಾತಿಯನ್ನು 8 ಸೆಂ.ಮೀ. ತಗ್ಗಿಸಿ ಮಳೆನೀರು ನಿಲ್ಲುವಂತೆ ಮಾಡಿದೆ. ಚಳಿಗಾಲದಲ್ಲಿ ಅದರ ಬುಡದ ಎಲೆಗಳ ಮೇಲೆ ತರಗೆಲೆ ಕೂತರೆ ಕೊಳೆತುಹೋಗುತ್ತದೆ, ಕೈಯಿಂದಲೇ ಸರಿಸಬೇಕು.

ಕಪ್ಪು ಪಾತಿಯೇ ಈ ತೋಟದ ಜೀವಾಳ. ಅಲ್ಲಿ ಏನನ್ನೂ ನೆಟ್ಟಿಲ್ಲ. ಉತ್ತರ ಅಮೆರಿಕದ ಕಾಡುಜೇನುಗಳಲ್ಲಿ ಹೆಚ್ಚಿನವು ಮಣ್ಣೊಳಗೆ ಗೂಡು ಕೊರೆಯುತ್ತವೆ, ನಗರದಲ್ಲಿ ಅವಕ್ಕೆ ಬರಿಮಣ್ಣೇ ಅಪರೂಪ. ನೀರು ಬಸಿಯುವ ಮರಳುಮಿಶ್ರಿತ ಮಣ್ಣು, ದಿನವಿಡೀ ಬಿಸಿಲು, ಅಂಚಿಗೆ ಕಪ್ಪಗೆ ಸುಟ್ಟ ಮರದ ದಿಮ್ಮಿಗಳು. ಮರದ ತೊಗಟೆಯ ಹೊದಿಕೆ ಹಾಸಿದರೆ ಜೇನಿಗೆ ನೆಲ ಮುಚ್ಚಿದಂತೆಯೇ. ಈಗ ಅಲ್ಲಿ ಪೆನ್ಸಿಲ್ ದಪ್ಪದ ತೂತುಗಳು, ಸುತ್ತಲೂ ಪುಡಿಮಣ್ಣಿನ ಪುಟ್ಟ ಗುಪ್ಪೆಗಳು. ಇರುವೆಗೂಡೆಂದು ತಿಳಿದು ನೀರು ಸುರಿಯುವವರಿದ್ದಾರೆ, ಒಂದು ಫಲಕ ಅಗತ್ಯ.

ಹೊರಗಿನ ಉತ್ತರ ಅಂಚಿಗೆ ವೈಲ್ಡ್ ಬರ್ಗಮಾಟ್ ಮತ್ತು ಮಿಲ್ಕ್‌ವೀಡ್. ಎತ್ತರದ ಗಿಡಗಳನ್ನು ದಕ್ಷಿಣಕ್ಕಿಟ್ಟರೆ ಒಳಗಿನ ಬಣ್ಣಕ್ಕೆ ನೆರಳು ಬೀಳುತ್ತದೆ. ಮೊನಾರ್ಕ್ ಚಿಟ್ಟೆಯ ಮರಿಹುಳು ತಿನ್ನುವುದು ಮಿಲ್ಕ್‌ವೀಡ್ ಎಲೆ ಮಾತ್ರ. ಬರ್ಗಮಾಟ್‌ಗೆ 45 ಸೆಂ.ಮೀ. ಅಂತರ ಬಿಡದಿದ್ದರೆ ಗಾಳಿಯಾಡದೆ ಜುಲೈ ಹೊತ್ತಿಗೆ ಎಲೆಗಳಿಗೆ ಬೂದಿರೋಗ. ಒಂದೇ ಜಾತಿಯ ಐದಾರು ಗಿಡಗಳನ್ನು ಒಟ್ಟಿಗೆ ನೆಡಬೇಕು. ಜೇನು ಒಂದು ಸುತ್ತಿನಲ್ಲಿ ಹೆಚ್ಚಾಗಿ ಒಂದೇ ಬಗೆಯ ಹೂವನ್ನು ಹುಡುಕುತ್ತದೆ, ಚದುರಿದ ಒಂಟಿ ಗಿಡಗಳು ಅದಕ್ಕೆ ಲಾಭವಲ್ಲ.

ಮಿಲ್ಕ್‌ವೀಡ್ ಬೀಜವನ್ನು ಒದ್ದೆ ಮರಳಿನಲ್ಲಿ ಬೆರೆಸಿ 30 ದಿನ ಫ್ರಿಜ್‌ನಲ್ಲಿಡಬೇಕು, ಇಲ್ಲವೇ ನವೆಂಬರ್‌ನಲ್ಲಿ ನೇರ ಬಿತ್ತಬೇಕು. ‘ಯಾರೋ’ ಗಿಡ ಮತ್ತು ಕಾರ್ಡಿನಲ್ ಫ್ಲವರ್ ಬೀಜಗಳಿಗೆ ಬೆಳಕು ಬೇಕು. ಮಣ್ಣು ಮುಚ್ಚದೆ ಮೇಲೆ ಒತ್ತಿದರೆ ಸಾಕು. ಸಸಿಗಳನ್ನು ಕೊಳ್ಳುವಾಗ ನಿಯೋನಿಕೋಟಿನಾಯ್ಡ್ ಎಂಬ ಬಗೆಯ ಕೀಟನಾಶಕ ಹಾಕಿಲ್ಲವೆಂದು ಖಚಿತಪಡಿಸಿಕೊಳ್ಳಿ, ಆ ವಿಷ ಪರಾಗಕ್ಕೂ ಏರುತ್ತದೆ. ಹಳೆಯ ನಗರ ಮಣ್ಣಿನಲ್ಲಿ ಸೀಸ ಇರಬಹುದಾದ್ದರಿಂದ ಪರೀಕ್ಷೆಯ ಫಲಿತಾಂಶ ಬರುವವರೆಗೆ ಔಷಧಿಗೆ ಕೊಯ್ಲಿಲ್ಲ.

ಒಣಗಿದ ಕಾಂಡಗಳನ್ನು ಶರತ್ಕಾಲದಲ್ಲಿ ಮುಟ್ಟುವುದಿಲ್ಲ. ವಸಂತದಲ್ಲಿ 30ರಿಂದ 45 ಸೆಂ.ಮೀ. ಮೋಟು ಉಳಿಸಿ ಕತ್ತರಿಸಿದರೆ, ಪುಟ್ಟ ಜೇನುಗಳು ಆ ಬೇಸಿಗೆಯಲ್ಲಿ ಕಾಂಡದ ತಿರುಳು ಕೊರೆದು ಮೊಟ್ಟೆಯಿಡುತ್ತವೆ. ಆ ಮೋಟುಗಳು ಮರುವರ್ಷದವರೆಗೂ ಅಲ್ಲೇ ಇರಬೇಕು. ಹೊಸ ಚಿಗುರು ಜೂನ್ ಹೊತ್ತಿಗೆ ಅವನ್ನು ಮರೆಮಾಡುತ್ತದೆ.