ಚೀಲದಲ್ಲಿ ಹಿಡಿಯುವ ಆಂಟೆನಾ: ದೋಟಿಯಿಂದ ಹಲಸಿನ ಮರಕ್ಕೆ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಮೇಲೆ ನನ್ನ ಹ್ಯಾಮ್ (ಹವ್ಯಾಸಿ) ರೇಡಿಯೋದ ಡೈಪೋಲ್ ಇದೆ, ಅಂದರೆ ನಡುವಿನಿಂದ ಸಂಪರ್ಕ ಕೊಡುವ ಆಂಟೆನಾ. ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಹೊತ್ತುಕೊಂಡು ಹೋಗಲಾಗದು. ಗುಡ್ಡಕ್ಕೆ ಒಯ್ದು ಹತ್ತು ನಿಮಿಷದಲ್ಲಿ ಕಟ್ಟಿ, 40 ಮೀಟರ್ ಬ್ಯಾಂಡಿನಲ್ಲಿ (ಸುಮಾರು 7.1 ಮೆಗಾಹರ್ಟ್ಸ್) ಮಾತಾಡುವಂಥದ್ದು ಬೇಕಿತ್ತು. ಅದಕ್ಕೇ ತುದಿಯಿಂದ ಫೀಡ್ ಮಾಡುವ, ಅಂದರೆ ಒಂದು ತುದಿಗೇ ರೇಡಿಯೋ ಸೇರಿಸುವ, ಅರ್ಧ ತರಂಗದಷ್ಟು ಉದ್ದದ ತಂತಿ ಶುರು ಮಾಡಿದೆ.

ಮೊದಲ ವಾರ ಟ್ರಾನ್ಸ್‌ಫಾರ್ಮರ್. ಇಂಥ ತಂತಿಯ ತುದಿಯಲ್ಲಿ ಇಂಪಿಡೆನ್ಸ್ (ರೇಡಿಯೋ ಕರೆಂಟಿಗೆ ಒಡ್ಡುವ ತಡೆ) ಸುಮಾರು 2,500 ಓಮ್, ರೇಡಿಯೋಗೆ ಬೇಕಾದದ್ದು 50. ಎಫ್‌ಟಿ140-43 ಟೊರಾಯ್ಡ್ (ಫೆರೈಟ್ ಬಳೆ) ಮೇಲೆ ರೇಡಿಯೋ ಕಡೆ 2 ಸುತ್ತು, ತಂತಿಯ ಕಡೆ 14. ಸುತ್ತು ಏಳು ಪಟ್ಟು, ಇಂಪಿಡೆನ್ಸ್ ಏಳರ ವರ್ಗ, ಅಂದರೆ 49 ಪಟ್ಟು. ಎನಾಮೆಲ್ ತಂತಿ ಪಂಪ್‌ಸೆಟ್ ರೀವೈಂಡಿಂಗ್ ಅಂಗಡಿಯಲ್ಲಿ ಸಿಕ್ಕಿತು. 2 ಸುತ್ತಿನ ಕಡೆಗೆ 100 ಪಿಎಫ್ ಹೈ ವೋಲ್ಟೇಜ್ ಕೆಪಾಸಿಟರ್. ಮರ ಹುಡುಕುವ ಮೊದಲೇ ಮೇಜಿನ ಮೇಲೆ ನೋಡಿದೆ: ತಂತಿಯ ಜಾಗದಲ್ಲಿ 2.2 ಕಿಲೋಓಮ್ ಮತ್ತು 270 ಓಮ್ ರೆಸಿಸ್ಟರ್ ಸಾಲಾಗಿ ಬೆಸೆದು ನ್ಯಾನೋವಿಎನ್ಎ (ಆಂಟೆನಾ ಅಳೆಯುವ ಪುಟ್ಟ ಉಪಕರಣ) ಹಚ್ಚಿದರೆ 7.1ರಲ್ಲಿ ಎಸ್‌ಡಬ್ಲ್ಯುಆರ್ 1.2. ರೇಡಿಯೋಗೂ ಆಂಟೆನಾಗೂ ಎಷ್ಟು ಹೊಂದುತ್ತದೆ ಅನ್ನುವ ಅಳತೆ ಇದು; 1 ಆದರೆ ಪೂರ್ತಿ ಹೊಂದಿದಂತೆ. ಈ ಪರೀಕ್ಷೆ ಬಿಡಲೇಬೇಡಿ. ಮುಂದೆ ಏನೇ ಕೆಟ್ಟರೂ ತಪ್ಪು ಟ್ರಾನ್ಸ್‌ಫಾರ್ಮರ್ ಇರುವ ಡಬ್ಬಿಯೊಳಗೆ ಇಲ್ಲ ಅಂತ ಧೈರ್ಯವಾಗಿ ಹೇಳಬಹುದು.

ನನಗೆ ಆ ಧೈರ್ಯ ಬೇಗನೇ ಬೇಕಾಯಿತು.

ಕಂಬಕ್ಕೆ ಏನು ಮಾಡೋದು ಅಂತ ಯೋಚಿಸುವಾಗ ಕಣ್ಣಿಗೆ ಬಿದ್ದದ್ದು ಅಡಿಕೆ ಕೊನೆ ತೆಗೆಯುವ ದೋಟಿ. ಹಗುರ, ಒಂದರೊಳಗೊಂದು ಸೇರಿಕೊಳ್ಳುತ್ತದೆ, ಎಷ್ಟು ಎತ್ತರಕ್ಕೆ ಬೇಕಾದರೂ ಎಳೆಯಬಹುದು. "ಕರೆಂಟ್ ಲೈನ್ ಕಡೆ ಮಾತ್ರ ತಿರುಗಿಸಬೇಡ ಮಾರಾಯ," ಅಂದರು ಅಪ್ಪ. ಲೈನ್ ಇಲ್ಲದ ಗದ್ದೆಯಲ್ಲಿ ನಿಲ್ಲಿಸಿ ತಂತಿಯನ್ನು ಅದರ ಉದ್ದಕ್ಕೂ ಕಟ್ಟಿದೆ. ಎಸ್‌ಡಬ್ಲ್ಯುಆರ್ 3ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ತಂತಿ ಮಡಚಿದೆ, ಬಿಚ್ಚಿದೆ, ಸಂಜೆಯಾಯಿತು.

ರಾತ್ರಿ ಮಲಗಿದಾಗ ಹೊಳೆಯಿತು. ಅಪ್ಪ ಹೇಳಿದ್ದರಲ್ಲೇ ಉತ್ತರ ಇತ್ತು, ಅಲ್ವಾ? ನಮ್ಮದು ಕಾರ್ಬನ್ ಫೈಬರ್ ದೋಟಿ. ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ. ಹಾಗಾದರೆ ನನ್ನ ತಂತಿಯ ಪಕ್ಕ ನಾನೇ ಇನ್ನೊಂದು ಆಂಟೆನಾ ನಿಲ್ಲಿಸಿದ್ದೆ.

ಮರುದಿನ ದೋಟಿ ಮನೆಯಲ್ಲೇ ಬಿಟ್ಟೆ. ಟಂಗೂಸಿ ದಾರಕ್ಕೆ ದೊಡ್ಡ ನಟ್ ಕಟ್ಟಿ ಹಲಸಿನ ಕೊಂಬೆಯ ಮೇಲಿಂದ ಎಸೆದೆ. ನಾಲ್ಕನೇ ಸಲಕ್ಕೆ ದಾಟಿತು. ತಂತಿಯ ತುದಿ ಸುಮಾರು 9 ಮೀಟರ್ ಎತ್ತರಕ್ಕೆ ಹೋಯಿತು, ಡಬ್ಬಿ ನೆಲದಿಂದ ಮೊಳದೆತ್ತರದಲ್ಲಿ. ಈಗ ಎಸ್‌ಡಬ್ಲ್ಯುಆರ್ ಚೆನ್ನಾಗಿ ಇಳಿಯಿತು, ಆದರೆ 6.72 ಮೆಗಾಹರ್ಟ್ಸ್‌ನಲ್ಲಿ. ಅರ್ಧ ತರಂಗದ ತಂತಿಯ ಉದ್ದಕ್ಕೆ 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸುವುದು ರೂಢಿ; 7.1ರಿಂದ ಭಾಗಿಸಿದರೆ 20.14 ಮೀಟರ್ ಬರುತ್ತದೆ. ಮುನ್ನೆಚ್ಚರಿಕೆಗೆ 20.6 ಕತ್ತರಿಸಿದ್ದೆ. ಅದರ ಜೊತೆಗೆ ಇದು ಮನೆ ವೈರಿಂಗಿನ ಪಿವಿಸಿ ತಂತಿ. ಮೇಲಿನ ಹೊದಿಕೆಯಿಂದಾಗಿ ಬರಿಯ ತಂತಿಗಿಂತ ಉದ್ದವಿದ್ದಂತೆ ವರ್ತಿಸುತ್ತದೆ. ಕತ್ತರಿಸದೆ ತುದಿಯನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಮಡಚಿ ಸುತ್ತುತ್ತಾ ಬಂದೆ. 19.5 ಮೀಟರಿಗೆ 7.1ರಲ್ಲಿ 1.3.

5 ವ್ಯಾಟ್ ಹಾಕಿ ಸಿಕ್ಯೂ (ಯಾರಾದರೂ ಉತ್ತರಿಸಿ ಅನ್ನುವ ಕರೆ) ಕರೆದೆ. ಮೂರನೇ ಕರೆಗೆ ಕೋಯಿಕ್ಕೋಡಿನಿಂದ ಉತ್ತರ, ರಿಪೋರ್ಟ್ ಐದು-ಏಳು, ಅಂದರೆ ಮಾತು ಪೂರ್ತಿ ಸ್ಪಷ್ಟ, ಸಿಗ್ನಲ್ ಒಂಬತ್ತರಲ್ಲಿ ಏಳು. ಕೈ ನಡುಗಿ ಲಾಗ್ ಬುಕ್ಕಿನಲ್ಲಿ ಸಮಯ ಬರೆಯಲು ಎರಡು ಸಲ ಬೇಕಾಯಿತು.

20 ಮೀಟರ್ ಬ್ಯಾಂಡಿನಲ್ಲಿ ಇನ್ನೂ ಅಳೆದಿಲ್ಲ. ತಂತಿ ಸುತ್ತಲು ಹಲಗೆಯ ತುಂಡೊಂದನ್ನು ಕೊರೆಯುತ್ತಿದ್ದೇನೆ, ಸುಮ್ನೆ ಚೀಲಕ್ಕೆ ತುರುಕಿದರೆ ಬಿಡಿಸೋದೇ ಜಾಸ್ತಿ ಕೆಲಸ. ಮಳೆ ಬಿಟ್ಟ ಭಾನುವಾರ ಕುಂದಾದ್ರಿ ಗುಡ್ಡಕ್ಕೆ.